ಕಡಲಂಚಿನ ಮುಗಿಲಮನೆಗಳು

ಊರಿನಿಂದ ಮೊದಲ ಸಲ ಮುಂಬಯಿಗೆ ಬಂದ ನಂಟರಿಷ್ಟರನ್ನು ನಗರದರ್ಶನಕ್ಕೆ ಕರೆದೊಯ್ಯುವ ಅಲ್ಲಿನ ಕನ್ನಡಿಗರು, ಮಹಾಲಕ್ಷ್ಮಿಯ ದರ್ಶನವನ್ನೂ ಹಾಜಿ ಅಲಿಯ ದೂರದರ್ಶನವನ್ನೂ ಮುಗಿಸಿಕೊಂಡು, ಬಿಸಿಲು ಇಳಿಯುವ ಹೊತ್ತಿಗೆ ಮಲಬಾರ್ ಹಿಲ್ಲಿನ ಕಮಲಾ ನೆಹರೂ ಉದ್ಯಾನಕ್ಕೆ ತಪ್ಪದೆ ಬರುವುದುಂಟು. ಮಕ್ಕಳು ಅಲ್ಲಿನ ಬೂಟಿನಾಕಾರದ ಮನೆಯೊಳಗೆ ನುಗ್ಗಿ ಮೇಲಿನ ಕಿಟಕಿಯಿಂದ ಕೈಬೀಸುತ್ತಿರುವಾಗ, ದೊಡ್ಡವರು ಕಟಕಟೆಗೆ ಒರಗಿ ಕೆಳಗೆ ನೋಡುತ್ತಾರೆ: ಚೌಪಾಟಿಯ ಮರಳು, ಅಲ್ಲಿಂದ ಹೊರಟು ನರೀಮನ್ ಪಾಯಿಂಟಿನವರೆಗೆ ಬಿಲ್ಲಿನಂತೆ ಬಾಗಿದ ಮರೀನ್ ಡ್ರೈವ್, ಆ ಬಾಗಿಗೆ ಸರಿಯಾಗಿ ಹೆಗಲಿಗೆ ಹೆಗಲು ಕೊಟ್ಟು ನಿಂತ ಐದಾರು ಮಹಡಿಯ ತಿಳಿಬಣ್ಣದ ಮನೆಗಳ ಸಾಲು. ಆ ಸಾಲಿನ ತಲೆ ಎಲ್ಲಿಯೂ ತಗ್ಗದೆ ಹೆಚ್ಚದೆ ಒಂದೇ ಮಟ್ಟದಲ್ಲಿ ಸಾಗುವುದನ್ನು ಕಂಡವರಿಗೆ ಇದು ತಾನಾಗಿ ಒದಗಿದ ಸೊಬಗೆಂದು ತೋರಬಹುದು. ಹಾಗಲ್ಲ. ಕಡಲನ್ನು ತುಂಬಿ ನೆಲ ಮಾಡಿಕೊಂಡ ಮೇಲೆ, 1930 ಮತ್ತು 40ರ ದಶಕಗಳಲ್ಲಿ ಆ ನೆಲವನ್ನು ಹಂಚಿಕೊಟ್ಟವರು, ಮನೆಗಳು ಎಷ್ಟು ಎತ್ತರಕ್ಕೆ ಏರಬೇಕು, ಬೀದಿಗೆ ಹೇಗೆ ಮುಖಮಾಡಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿದ್ದರು. ಒಡೆಯರು ಬೇರೆ ಬೇರೆ, ವಾಸ್ತುಶಿಲ್ಪಿಗಳು ಬೇರೆ ಬೇರೆ, ಆದರೂ ಬೀದಿ ಒಂದೇ ಆಯಿತು. ಓವಲ್ ಮೈದಾನದ ಸುತ್ತಲ ಕಟ್ಟಡಗಳೊಡನೆ ಈ ಸಾಲು 2018ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಅದೇ ಗುಡ್ಡದ ಮೇಲೆ ನಾಲ್ಕು ಹೆಜ್ಜೆ ಸರಿದು ಉತ್ತರಕ್ಕೆ ಮುಖ ತಿರುಗಿಸಿದರೆ, ತಾಡದೇವ, ವರಳಿ, ಪರೇಲುಗಳ ದಿಕ್ಕಿನಲ್ಲಿ ಇನ್ನೊಂದೇ ಮುಂಬಯಿ ಕಾಣುತ್ತದೆ. ಇಲ್ಲೊಂದು ಅರವತ್ತು ಮಹಡಿಯ ಗೋಪುರ, ಅದರ ಕಾಲಬಳಿ ಎರಡಂತಸ್ತಿನ ಚಾಳು, ಪಕ್ಕದಲ್ಲಿ ಅರ್ಧ ಕಟ್ಟಿ ಬಿಟ್ಟ ಕಾಂಕ್ರೀಟಿನ ಅಸ್ಥಿಪಂಜರ, ಅದರ ಹಿಂದೆ ಮತ್ತೊಂದು ಗೋಪುರ. ಈ ಚಿತ್ರವನ್ನು ಯಾರೂ ಬರೆಯಲಿಲ್ಲ. ಕಡಲಂಚಿನ ಒಂದು ನಗರದಲ್ಲಿ ಎತ್ತರದ ಕಟ್ಟಡಗಳು ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು, ನಿಂತರೆ ಬೀದಿಗೂ ಕಡಲಿಗೂ ಯಾವ ಬಗೆಯಲ್ಲಿ ಒಗ್ಗಬೇಕು ಎಂಬ ಪ್ರಶ್ನೆಯನ್ನು ಮುಂಬಯಿಯ ಕಾನೂನು ಕೆಲವೇ ಕೇರಿಗಳ ಮಟ್ಟಿಗೆ ನೇರವಾಗಿ ಕೇಳಿಕೊಂಡಿತು. ಉಳಿದೆಡೆಯಲ್ಲಿ ಎತ್ತರವೆಂಬುದು ಬೇರೆ ಯಾವುದೋ ಲೆಕ್ಕದ ಶೇಷವಾಗಿ ಹುಟ್ಟಿಕೊಂಡಿತು. ಆ ಲೆಕ್ಕವನ್ನು ಬಲ್ಲವರಿಗೆ ಮಾತ್ರ ಈ ನಗರದ ಆಕೃತಿ ಅರ್ಥವಾಗುವುದು.

ಲೆಕ್ಕದ ಹೆಸರು ಎಫ್.ಎಸ್.ಐ. ಕರ್ನಾಟಕದಲ್ಲಿ ಮನೆ ಕಟ್ಟಿಸಿದವರು ಇದನ್ನೇ ಎಫ್.ಎ.ಆರ್. ಎಂಬ ಹೆಸರಿನಿಂದ ಬಲ್ಲರು. ನಿವೇಶನದ ವಿಸ್ತೀರ್ಣಕ್ಕೂ ಅದರ ಮೇಲೆ ಕಟ್ಟಬಹುದಾದ ಎಲ್ಲ ಮಹಡಿಗಳ ಒಟ್ಟು ವಿಸ್ತೀರ್ಣಕ್ಕೂ ಇರುವ ಅನುಪಾತವೇ ಅದು. ನಿವೇಶನ 1000 ಚದರ ಮೀಟರು, ಎಫ್.ಎಸ್.ಐ. 1.33 ಎಂದಾದರೆ ಕಟ್ಟಬಹುದಾದದ್ದು 1330 ಚದರ ಮೀಟರು. ಅದನ್ನು ನಿವೇಶನದ ಅರ್ಧದಷ್ಟು ಜಾಗದಲ್ಲಿ ಹರಡಿದರೆ ಪೂರಾ ಮೂರು ಮಹಡಿಯೂ ಆಗದು. ಹತ್ತರಲ್ಲಿ ಒಂದು ಪಾಲಿನಲ್ಲಿ ಕೂಡಿಹಾಕಿದರೆ ಹದಿಮೂರು ಮಹಡಿ ಮೇಲೇರುತ್ತದೆ. ಎತ್ತರವನ್ನು ಕಾನೂನು ಹೇಳಲಿಲ್ಲ. ಹಿಟ್ಟಿನ ತೂಕವನ್ನು ಮಾತ್ರ ಹೇಳಿ, ದೋಸೆ ಹುಯ್ಯುವುದೋ ಇಡ್ಲಿ ಬೇಯಿಸುವುದೋ ಎಂಬುದನ್ನು ಅಡಿಗೆಯವನಿಗೆ ಬಿಟ್ಟಿತು. ಬಿಟ್ಟ ಮೇಲೆ ಅಡಿಗೆಯವನು ಸುಮ್ಮನಿರುವನೆ? ಮೇಲಿನ ಮಹಡಿಗೆ ಕಡಲು ಕಾಣುತ್ತದೆ, ಕಡಲು ಕಂಡಷ್ಟೂ ಬೆಲೆ ಏರುತ್ತದೆ. ಆದುದರಿಂದ ಸಣ್ಣ ಬುಡದ ಮೇಲೆ ಉದ್ದನೆಯ ಗೋಪುರವೇ ಲಾಭದ ಮಾರ್ಗವಾಯಿತು.

ಮುಂಬಯಿಯಲ್ಲಿ ಈ ಅನುಪಾತ ಬಳಕೆಗೆ ಬಂದದ್ದು 1960ರ ದಶಕದಲ್ಲಿ, ನಗರದ ಮೊದಲ ಅಭಿವೃದ್ಧಿ ಯೋಜನೆಯೊಡನೆ. 1991ರ ನಿಯಮಾವಳಿ ಬರುವ ಹೊತ್ತಿಗೆ ದ್ವೀಪನಗರವೆಂದು ಕರೆಯುವ ದಕ್ಷಿಣದ ಭಾಗಕ್ಕೆ 1.33, ಉಪನಗರಗಳಿಗೆ 1 ಎಂದು ನಿಂತಿತು. ಜಗತ್ತಿನ ದೊಡ್ಡ ನಗರಗಳ ಪೈಕಿ ಇಷ್ಟು ಕಡಮೆ ಅಂಕಿ ವಿರಳ. ಮನೆ ಕಟ್ಟಲು ಬಿಡದಿದ್ದರೆ ಜನ ಬರುವುದು ನಿಲ್ಲುವುದೆಂಬ ಭಾವನೆ ಅದರ ಹಿಂದೆ ಇತ್ತು. ಜನ ಬರುವುದು ನಿಲ್ಲಲಿಲ್ಲ. ಬಂದವರು ಗುಡಿಸಲುಗಳಲ್ಲಿ, ಒಂದೇ ಕೋಣೆಯಲ್ಲಿ ಆರೇಳು ಮಂದಿಯಾಗಿ, ಸಿಕ್ಕಲ್ಲಿ ಸೇರಿಕೊಂಡರು. ನಗರಗಳ ಅರ್ಥಶಾಸ್ತ್ರವನ್ನು ಬಲ್ಲ ಅಲೇನ್ ಬರ್ತೋ ಎಂಬವರು ಇದನ್ನೇ ಎತ್ತಿ ತೋರಿಸಿ, ಮುಂಬಯಿಯ ಮನೆಬೆಲೆಗೆ ಈ ಬಿಗಿಯೇ ಕಾರಣ, ಅಂಕಿಯನ್ನು ಸಡಲಿಸಿರಿ ಎಂದು ವಾದಿಸಿದರು. ಎಂಜಿನಿಯರ್ ಶಿರೀಷ್ ಪಟೇಲರು, ವಾಸ್ತುಶಿಲ್ಪಿಗಳಾದ ಚಾರ್ಲ್ಸ್ ಕೊರಿಯಾ ಮತ್ತು ಪ್ರವೀಣಾ ಮೆಹ್ತಾ ಅವರೊಡನೆ ಕೊಲ್ಲಿಯ ಆಚೆಗೊಂದು ಹೊಸ ಮುಂಬಯಿಯನ್ನು 1960ರ ದಶಕದಲ್ಲಿಯೇ ಕನಸಿದ್ದವರು, ಈ ವಾದವನ್ನು ಒಪ್ಪಲಿಲ್ಲ. ಮನೆಯೊಳಗಿನ ಇಕ್ಕಟ್ಟು ಬೇರೆ, ಬೀದಿಯ ಇಕ್ಕಟ್ಟು ಬೇರೆ. ಮ್ಯಾನ್‌ಹಟನ್ನಿನಲ್ಲಿ ಗೋಪುರಗಳಿದ್ದರೆ ಅವುಗಳ ಕೆಳಗೆ ಅಗಲವಾದ ಬೀದಿಗಳೂ ಇವೆ, ತಲೆಗೊಬ್ಬರಿಗೆ ದೊರೆಯುವ ನೆಲಹಾಸೂ ಹೆಚ್ಚು. ಇಲ್ಲಿ ಬೀದಿಯನ್ನು ಇದ್ದಂತೆಯೇ ಬಿಟ್ಟು ಮಹಡಿಗಳನ್ನು ಮಾತ್ರ ಏರಿಸಿದರೆ ಕಾಲಿಡಲು ಜಾಗವಿರದು ಎಂಬುದು ಅವರ ಮಾತಿನ ತಿರುಳು. ಇಬ್ಬರಲ್ಲಿ ಒಬ್ಬರನ್ನು ಆರಿಸಿಕೊಳ್ಳಬೇಕೆಂದರೆ ನಾನು ಪಟೇಲರ ಕಡೆಗೇ ವಾಲುವವನು. ಆದರೆ ವಸ್ತುತಃ ನಡೆದದ್ದು ಇವರಿಬ್ಬರ ಮಾತೂ ಅಲ್ಲ. ಮೂಲದ ಅಂಕಿಯನ್ನು ಹಾಗೆಯೇ ಇಟ್ಟುಕೊಂಡು, ಅದಕ್ಕೆ ಒಂದರ ಮೇಲೊಂದರಂತೆ ವಿನಾಯಿತಿಗಳನ್ನು ಪೋಣಿಸುತ್ತ ಹೋದರು.

ವಿನಾಯಿತಿಗಳಲ್ಲಿ ಎರಡು ಜಾತಿ. ಮೊದಲನೆಯದು, ಲೆಕ್ಕಕ್ಕೆ ಹಿಡಿಯದೆ ಬಿಡುವುದು. ಹೂಕುಂಡಕ್ಕೆಂದು ಕಿಟಕಿಯ ಹೊರಗೆ ಬಿಡುವ ಚಾಚು, ಕೊಳವೆಗಳಿಗೆಂದು ಬಿಡುವ ಗೂಡು, ಬಾಲ್ಕನಿ ಇವುಗಳನ್ನು ಎಫ್.ಎಸ್.ಐ.ಯಲ್ಲಿ ಎಣಿಸುತ್ತಿರಲಿಲ್ಲವಾದುದರಿಂದ, ಮುಂಬಯಿಯ ನಕ್ಷೆಗಳಲ್ಲಿ ಒಂದು ಕಾಲಕ್ಕೆ ಹೂವಿನ ಪಾತಿಗಳು ವಿಪರೀತವಾಗಿ ಬೆಳೆದವು. ಮಣ್ಣು ತುಂಬಿ ಮಲ್ಲಿಗೆ ಹಚ್ಚಬೇಕಾದ ಜಾಗಕ್ಕೆ ನಕ್ಷೆ ಮಂಜೂರಾದ ಮಾರನೆಯ ವರ್ಷ ಚಪ್ಪಡಿ ಹಾಸಿ, ಕಿಟಕಿಯ ಸರಳನ್ನು ಹೊರಕ್ಕೆ ಸರಿಸಿ, ಹಾಲ್‌ನೊಳಕ್ಕೆ ಸೇರಿಸಿಕೊಳ್ಳುವರು. ಕೊಂಡವನು ಅದಕ್ಕೂ ಚದರ ಅಡಿಯ ಲೆಕ್ಕದಲ್ಲಿಯೇ ಹಣ ತೆತ್ತಿರುವನು. 2012ರಲ್ಲಿ ಮಹಾನಗರಪಾಲಿಕೆ ಈ ಆಟಕ್ಕೆ ತೆರೆ ಎಳೆಯಿತು: ಎಲ್ಲವನ್ನೂ ಎಣಿಸುತ್ತೇವೆ, ಪ್ರತಿಯಾಗಿ ವಾಸದ ಕಟ್ಟಡಗಳಿಗೆ ನೂರಕ್ಕೆ 35ರಷ್ಟು ಹೆಚ್ಚುವರಿಯನ್ನು ಶುಲ್ಕ ಪಡೆದು ಕೊಡುತ್ತೇವೆ ಎಂದಿತು. ಕದ್ದು ಒಯ್ಯುತ್ತಿದ್ದುದನ್ನು ಅಂಗಡಿಯಲ್ಲಿಟ್ಟು ಮಾರಿದಂತಾಯಿತು. ಆದರೂ ಮೊದಲಿದ್ದುದಕ್ಕಿಂತ ಇದು ಪ್ರಾಮಾಣಿಕವೆಂದೇ ಹೇಳಬೇಕು.

ಎರಡನೆಯ ಜಾತಿ, ಒಂದು ಪುಣ್ಯಕಾರ್ಯಕ್ಕೆ ಪ್ರತಿಫಲವಾಗಿ ಕೊಡುವ ಎಫ್.ಎಸ್.ಐ. ದ್ವೀಪನಗರದಲ್ಲಿ ರಿಪೇರಿಯ ಸೆಸ್ಸು ತೆರುವ ಹಳೆಯ ಬಾಡಿಗೆ ಕಟ್ಟಡಗಳು ಮೂಲತಃ 19 ಸಾವಿರಕ್ಕೂ ಮೇಲ್ಪಟ್ಟಿದ್ದವು. 1947ರ ಬಾಡಿಗೆ ಶಾಸನ ಬಾಡಿಗೆಯನ್ನು ಹೆಪ್ಪುಗಟ್ಟಿಸಿದುದರಿಂದ ಒಡೆಯನಿಗೆ ದುರಸ್ತಿಯ ಉತ್ಸಾಹ ಉಳಿಯಲಿಲ್ಲ. ಮಳೆಗಾಲ ಬಂದರೆ ಎಲ್ಲೋ ಒಂದು ಕಟ್ಟಡ ಕುಸಿಯುವುದು ವಾಡಿಕೆಯಾಯಿತು. ಆಗ ಸರಕಾರ, ಹಳೆಯ ಬಾಡಿಗೆದಾರರಿಗೆ ಅದೇ ಜಾಗದಲ್ಲಿ ಪುಕ್ಕಟೆ ಮನೆ ಕಟ್ಟಿಕೊಟ್ಟವನಿಗೆ ಮೂಲದ ಅಂಕಿಯ ಎರಡು ಪಟ್ಟಿಗೂ ಮೀರಿ ಕಟ್ಟಿ ಮಾರುವ ಹಕ್ಕನ್ನು ಕೊಟ್ಟಿತು. ಗುಡಿಸಲುವಾಸಿಗಳ ವಿಷಯದಲ್ಲಿಯೂ 1995ರಿಂದ ಇದೇ ಸೂತ್ರ: ಅವರಿಗೆ ಮೊದಲು 225 ಚದರ ಅಡಿಯ, ಆಮೇಲೆ 269ರ, ಈಗ 300ರ ಮನೆಯನ್ನು ಉಚಿತವಾಗಿ ಕೊಡು, ಉಳಿದ ನೆಲದ ಮೇಲೆ ನಿನ್ನ ಗೋಪುರವನ್ನು ಕಟ್ಟಿಕೋ. ತಾಡದೇವದಲ್ಲಿ ಬಹುಕಾಲ ದೇಶದ ಅತ್ಯುನ್ನತ ವಾಸಗೃಹಗಳೆನಿಸಿದ್ದ ಇಂಪೀರಿಯಲ್ ಜೋಡಿಗೋಪುರಗಳು ನಿಂತಿರುವುದು ಹೀಗೆ ತೆರವಾದ ಗುಡಿಸಲುಗಳ ನೆಲದ ಮೇಲೆ. ಗೋಪುರ ಎಲ್ಲಿ ಏಳಬೇಕೆಂಬುದನ್ನು ನಗರದ ನಕ್ಷೆ ಹೇಳಲಿಲ್ಲ, ಬಡವರು ಎಲ್ಲಿ ಒತ್ತೊತ್ತಾಗಿ ಇದ್ದರೋ ಆ ಸ್ಥಳ ಹೇಳಿತು. ಅಲ್ಲಿಯ ಬೀದಿ ಹತ್ತು ಅಡಿಯದೆ, ಚರಂಡಿ ಯಾವ ಕಾಲದ್ದು ಎಂಬ ವಿಚಾರ ಹಿಂದೆ ಸರಿಯಿತು.

ಪರೇಲು, ಲಾಲ್‌ಬಾಗುಗಳ ಹತ್ತಿಗಿರಣಿಗಳ ಕಥೆಯನ್ನು ಇಲ್ಲಿ ಸಂಕ್ಷೇಪವಾಗಿಯೇ ಹೇಳಿ ಮುಗಿಸಬೇಕು, ಏಕೆಂದರೆ ಅದೊಂದೇ ಪುಸ್ತಕವಾಗಬಲ್ಲದು. 1982ರಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತರು ನಡೆಸಿದ ಮುಷ್ಕರದ ಬಳಿಕ ಮುಚ್ಚುತ್ತ ಬಂದ ಗಿರಣಿಗಳ ಸುಮಾರು 600 ಎಕರೆ ನೆಲದಲ್ಲಿ ಮೂರರಲ್ಲೊಂದು ಪಾಲು ಉದ್ಯಾನ ಮೈದಾನಗಳಿಗೆ, ಒಂದು ಪಾಲು ಸಾರ್ವಜನಿಕ ವಸತಿಗೆ, ಇನ್ನೊಂದು ಒಡೆಯನಿಗೆ ಎಂದು 1991ರ ನಿಯಮ ವಿಧಿಸಿತ್ತು. 2001ರ ತಿದ್ದುಪಡಿ ಆ ಪಾಲುಪಟ್ಟಿ ಇಡೀ ನೆಲಕ್ಕಲ್ಲ, ಕಟ್ಟಡವಿಲ್ಲದ ಖಾಲಿ ನೆಲಕ್ಕೆ ಮಾತ್ರ ಎಂದಿತು. ಗಿರಣಿಯ ಹಿತ್ತಿಲಲ್ಲಿ ಖಾಲಿ ನೆಲ ಎಷ್ಟಿದ್ದೀತು? ಸರ್ವೋಚ್ಚ ನ್ಯಾಯಾಲಯ 2006ರಲ್ಲಿ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಹೊಗೆಗೊಳವೆಗಳಿದ್ದೆಡೆ ಗೋಪುರಗಳು ಬಂದವು. ಮೈದಾನಗಳು ಬರಬೇಕಾದಷ್ಟು ಬರಲಿಲ್ಲ.

ಇನ್ನು ಕಡಲಿನ ವಿಚಾರ. 1981ರ ನವೆಂಬರಿನಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಉಬ್ಬರದ ನೀರು ಮುಟ್ಟುವ ಗೆರೆಯಿಂದ 500 ಮೀಟರಿನವರೆಗೆ ನೆಲವನ್ನು ಮುಟ್ಟದೆ ಕಾಪಾಡಬೇಕೆಂದು ಹೇಳಿದ್ದರು. ಆ ಮಾತು ಕಾನೂನಾಗಲು ಹತ್ತು ವರ್ಷ ಹಿಡಿಯಿತು. 1991ರ ಫೆಬ್ರವರಿ 19ರಂದು ಹೊರಟ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ, ನಮ್ಮ ಮಂಗಳೂರು, ಉಡುಪಿ, ಕಾರವಾರಗಳಲ್ಲಿಯೂ ಸಿ.ಆರ್.ಜೆಡ್. ಎಂದು ಮನೆಮಾತಾಗಿರುವ ಅದೇ ಅಧಿಸೂಚನೆ, ಆಗಲೇ ಬೆಳೆದು ನಿಂತ ನಗರಗಳಿಗೆ ಎರಡು ಕಟ್ಟಳೆಗಳನ್ನು ಹಾಕಿತು: ಈಗಿರುವ ರಸ್ತೆಯಿಂದ ಕಡಲ ಕಡೆಗೆ ಹೊಸದಾಗಿ ಏನನ್ನೂ ಕಟ್ಟಕೂಡದು, ನೆಲದ ಕಡೆಗೆ ಕಟ್ಟುವುದಾದರೆ ಈ ದಿನ ಜಾರಿಯಲ್ಲಿರುವ ಎಫ್.ಎಸ್.ಐ.ಗೆ ಒಳಪಟ್ಟು ಕಟ್ಟಬೇಕು.

'ಈ ದಿನ' ಎಂಬಲ್ಲಿಯೇ ಇರುವುದು ಸ್ವಾರಸ್ಯ. ಮುಂಬಯಿಯ ಹೊಸ ಕಟ್ಟಡ ನಿಯಮಾವಳಿ ಜಾರಿಗೆ ಬಂದದ್ದು ಅದೇ ವರ್ಷದ ಮಾರ್ಚ್ 25ರಂದು, ಎಂದರೆ 34 ದಿನ ತಡವಾಗಿ. ಹೀಗಾಗಿ ಉಬ್ಬರದ ಗೆರೆಯಿಂದ 500 ಮೀಟರಿನೊಳಗೆ ಬಿದ್ದ ಕೊಲಾಬಾ, ವರಳಿ, ದಾದರ್, ಬಾಂದ್ರಾ, ಜುಹುಗಳ ಮನೆಗಳಿಗೆ 1967ರ ಹಳೆಯ ನಿಯಮವೂ, ಗೆರೆಯ ಆಚೆಗಿನ ಮನೆಗಳಿಗೆ 1991ರ ಹೊಸ ನಿಯಮವೂ ಅನ್ವಯಿಸತೊಡಗಿದವು. ರಸ್ತೆಯ ಒಂದು ಮಗ್ಗುಲಿನ ಹಳೆಯ ಕಟ್ಟಡ ವಿನಾಯಿತಿಗಳನ್ನೆಲ್ಲ ಪೇರಿಸಿಕೊಂಡು ಮೂವತ್ತು ಮಹಡಿಗೆ ಏರಬಹುದಾಗಿತ್ತು. ಎದುರು ಮಗ್ಗುಲಿನದು, ಅಷ್ಟೇ ಹಳೆಯದಾದರೂ, ಉಪ್ಪುಗಾಳಿಗೆ ಒಳಗಿನ ಕಬ್ಬಿಣ ತುಕ್ಕುಹಿಡಿದು ಉಬ್ಬಿ ಚಾವಣಿಯ ಗಾರೆ ಉದುರುತ್ತಿದ್ದರೂ, ಆ ವಿನಾಯಿತಿಗಳಿಲ್ಲದೆ ಅದನ್ನು ಹೊಸದಾಗಿ ಕಟ್ಟಲು ಯಾವ ಬಿಲ್ಡರನೂ ಮುಂದೆ ಬರುತ್ತಿರಲಿಲ್ಲ. ಕಡಲನ್ನು ಕಾಯಲೆಂದು ಎಳೆದ ಗೆರೆ ಹೀಗೆ ಸೊಸೈಟಿ ಸಭೆಗಳಲ್ಲಿ ಶಾಪಕ್ಕೆ ಗುರಿಯಾಯಿತು. 2011ರಲ್ಲಿ ಗುಡಿಸಲುಗಳಿಗೂ ಶಿಥಿಲವಾದ ಸೆಸ್ಸಿನ ಕಟ್ಟಡಗಳಿಗೂ ಮುಂಬಯಿಯ ಮಟ್ಟಿಗೆ ಬಾಗಿಲು ತೆರೆದರು. 2019ರ ಅಧಿಸೂಚನೆ ಆ ಹೆಪ್ಪನ್ನು ಪೂರ್ತಿ ಕರಗಿಸಿ, ನಗರದ ಪ್ರಚಲಿತ ನಿಯಮವೇ ಕಡಲಂಚಿಗೂ ಸಾಕೆಂದಿತು. ಅನ್ಯಾಯವೊಂದು ನಿವಾರಣೆಯಾದದ್ದು ನಿಜ. ಆದರೆ ಬಿಗಿಯನ್ನು ಸಡಲಿಸುವ ಮುನ್ನ, ಕಡಲ ಮುಂದೆ ಗೋಪುರಗಳು ಗೋಡೆಯಂತೆ ಒತ್ತಾಗಿ ನಿಲ್ಲದೆ ಹಿಂದಿನ ಕೇರಿಗಳಿಗೆ ಗಾಳಿ ಹಾಯುವಂತೆ ಎಲ್ಲಿ ಎಡೆಬಿಡಬೇಕು ಎಂಬ ನಕ್ಷೆಯೊಂದು ಬೇಕಿತ್ತು. ಮರೀನ್ ಡ್ರೈವಿನಲ್ಲಿ ಆ ವಿವೇಕ ತೋರಿದ ನಗರಕ್ಕೆ ವರಳಿಯಲ್ಲಿ ಅದು ಹೊಳೆಯದೆ ಹೋದುದೇಕೆ? ಮರೀನ್ ಡ್ರೈವಿನಲ್ಲಿ ಮೊದಲು ಬೀದಿಯನ್ನು ಬರೆದು ಆಮೇಲೆ ನೆಲವನ್ನು ಕೊಟ್ಟರು; ಉಳಿದೆಡೆ ನೆಲದ ಬೆಲೆ ಮೊದಲು ಬಂದಿತು, ಬೀದಿಯ ಯೋಚನೆ ಬರಲೇ ಇಲ್ಲ.

ಕಡಲ ಕಾನೂನನ್ನು ಮೀರಿದವರ ಪ್ರಸಂಗಗಳಲ್ಲಿ ಕೊಲಾಬಾದ 31 ಮಹಡಿಯ ಆದರ್ಶ ಸೊಸೈಟಿಯದು ದೇಶಪ್ರಸಿದ್ಧ. 2010ರಲ್ಲಿ ಮುಖ್ಯಮಂತ್ರಿಯೊಬ್ಬರ ಅಧಿಕಾರ ಅದರಿಂದಾಗಿ ಹೋಯಿತು, ಮರುವರ್ಷ ಪರಿಸರ ಮಂತ್ರಾಲಯವೂ 2016ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವೂ ಅದನ್ನು ಕೆಡವಬೇಕೆಂದು ಆಜ್ಞಾಪಿಸಿದವು, ಸರ್ವೋಚ್ಚ ನ್ಯಾಯಾಲಯ ಕೆಡವುವುದನ್ನು ತಡೆಹಿಡಿಯಿತು.

ನೆಲದ ಲೆಕ್ಕ, ಕಡಲಿನ ಗೆರೆ, ಇವೆರಡರ ಮೇಲೆ ಆಕಾಶದ ಅಂಕೆಯೂ ಉಂಟು. ಸಾಂತಾಕ್ರೂಜಿನ ವಿಮಾನ ನಿಲ್ದಾಣ ನಗರದ ನಡುವೆಯೇ ಇರುವುದರಿಂದ, ವಿಮಾನ ಇಳಿಯುವ ದಾರಿಯ ಕೆಳಗೆ ಎಷ್ಟು ಎತ್ತರ ಏರಬಹುದೆಂಬುದನ್ನು ವಿಮಾನ ನಿಲ್ದಾಣ ಪ್ರಾಧಿಕಾರ ಗೊತ್ತುಮಾಡುತ್ತದೆ. ಲೋವರ್ ಪರೇಲಿನಲ್ಲಿ 440 ಮೀಟರಿನ ಕನಸು ಕಂಡಿದ್ದ ಗೋಪುರವೊಂದು ಅವರ ಒಪ್ಪಿಗೆ ದೊರೆಯದೆ 280 ಮೀಟರಿನ ಆಸುಪಾಸಿನಲ್ಲಿ ನಿಂತದ್ದುಂಟು. ಅಗ್ನಿಶಾಮಕ ದಳದ ಅತ್ಯಂತ ಉದ್ದನೆಯ ಏಣಿ ಏರುವುದು ಸುಮಾರು 90 ಮೀಟರು. ಅದರ ಮೇಲಿನವರು ತಮ್ಮ ಕಟ್ಟಡದೊಳಗಿನ ನೀರು, ಪಂಪು, ಮೆಟ್ಟಿಲುಗಳನ್ನೇ ನಂಬಬೇಕಾದುದರಿಂದ, 24 ಮೀಟರಿನ ಮೇಲೆ ಪ್ರತಿ ಏಳನೆಯ ಮಹಡಿಗೊಂದರಂತೆ ತೆರೆದ ಜಾಗವೊಂದನ್ನು, ರೆಫ್ಯೂಜ್ ಏರಿಯಾ ಎಂದು ಎಲ್ಲರೂ ಕರೆಯುವ ಅದನ್ನು, ಬಿಡಲೇಬೇಕು. ಬೆಂಕಿ ಬಿದ್ದಾಗ ಜನ ಬಂದು ನಿಲ್ಲಬೇಕಾದ ಈ ಜಾಗದಲ್ಲಿ ನಾನು ಕಂಡಿರುವುದು ಮಕ್ಕಳು ಬೆಳೆದು ಬಿಟ್ಟ ಸೈಕಲ್ಲುಗಳು, ಹಳೆಯ ಸೋಫಾ, ಗಣೇಶೋತ್ಸವದ ಮಂಟಪದ ಬಿದಿರು.

ಗಿರಗಾಂವಿನ ಚಾಳಿನಲ್ಲಿ ನಾಲ್ವತ್ತು ವರ್ಷ ಬಾಳಿದ, ನಮ್ಮ ಕುಂದಾಪುರದ ಕಡೆಯ ಮಾವನವರೊಬ್ಬರು ಚಾಳು ಕೆಡವಿ ಕಟ್ಟಿದ ಗೋಪುರದ ಹದಿನೇಳನೆಯ ಮಹಡಿಗೆ ಹೋಗಿ ನೆಲೆಸಿದರು. ಹೊಸ ಮನೆಯಲ್ಲಿ ಅವರದೇ ಕಕ್ಕಸು, ನಲ್ಲಿಯಲ್ಲಿ ನೀರು, ಕಿಟಕಿಯಲ್ಲಿ ಬೆರಳಗಲದ ಕಡಲು. ಆ ಸೌಖ್ಯವನ್ನು ಹಗುರಾಗಿ ಕಾಣುವ ಅಧಿಕಾರ, ಬೆಳಗಿನ ಜಾವ ಬಕೆಟ್ಟು ಹಿಡಿದು ಸಾಲಿನಲ್ಲಿ ನಿಂತು ಗೊತ್ತಿಲ್ಲದವರಿಗೆ ಇಲ್ಲ. "ಗಾಳಿಗೆ ಬೆಳಕಿಗೆ ಒಂಚೂರೂ ಕೊರತೆ ಇಲ್ಲ ಮಾರಾಯ, ಆದ್ರೆ ಕೆಳಗೆ ಹೋಗ್ಬೇಕು ಅಂದ್ರೆ ಏನಾದ್ರೂ ಕಾರಣ ಬೇಕಾಗ್ತದೆ" ಎಂದರು. ಕೆಳಗೆ ಇಳಿದು ನೋಡಿದೆ. ಮೊದಲ ಏಳು ಮಹಡಿಗಳೂ ಕಾರುಗಳಿಗೆ ಮೀಸಲು. ಬೀದಿಯಲ್ಲಿ ನಡೆಯುವವನ ಪಾಲಿಗೆ ಆ ಗೋಪುರವೆಂದರೆ ಎಪ್ಪತ್ತು ಅಡಿಯ ಕಿಟಕಿಯಿಲ್ಲದ ಗೋಡೆ, ಒಂದು ಕಬ್ಬಿಣದ ಗೇಟು, ಕೊಡೆಯ ಕೆಳಗೆ ಕುಳಿತ ವಾಚ್‌ಮನ್. ಚಾಳಿದ್ದಾಗ ಅಲ್ಲಿ ಒಂದು ಹಾಲಿನ ಅಂಗಡಿ, ಒಬ್ಬ ದರ್ಜಿ, ನಮ್ಮವರದೇ ಒಂದು ಹೋಟೆಲು ಇದ್ದವು.

ಎತ್ತರದ ಕಟ್ಟಡಗಳ ವಿಷಯದಲ್ಲಿ ನಾವು ನೆತ್ತಿಯನ್ನು ನೋಡಿ ಬೆರಗಾಗುತ್ತೇವೆ ಅಥವಾ ಬಯ್ಯುತ್ತೇವೆ. ಕೇಡು ಇರುವುದು ಬುಡದಲ್ಲಿ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿಯಿತು. ಮುಂಬಯಿಯ ಹಳೆಯ ಚರಂಡಿಗಳನ್ನು ಗಂಟೆಗೆ 25 ಮಿಲಿಮೀಟರ್ ಮಳೆಗೆಂದು ಕಟ್ಟಿದ್ದರು. ಈಗ ಅವನ್ನು 50ಕ್ಕೆ ಹಿಗ್ಗಿಸುವ ಕೆಲಸ ನಡೆದುಬಂದಿದೆ. ಕಡಲು ಉಬ್ಬರದಲ್ಲಿರುವಾಗ ಮಳೆಯೂ ಜೋರಾದರೆ ಚರಂಡಿಯ ನೀರು ಕಡಲಿಗೆ ಇಳಿಯಲಾರದು; ಹಾಜಿ ಅಲಿ, ಲವ್ ಗ್ರೋವ್‌ಗಳಂಥ ಕಡೆ ದೊಡ್ಡ ಪಂಪುಗಳಿಂದ ಅದನ್ನು ಎತ್ತಿ ಚೆಲ್ಲಬೇಕಾಗುತ್ತದೆ. ಇಂಥ ಊರಿನಲ್ಲಿ ಗೋಪುರದ ಬುಡಕ್ಕೆ ನಿವೇಶನದ ಅಂಚಿನವರೆಗೂ ಕಾಂಕ್ರೀಟು ಹಾಸಿದರೆ ಮಣ್ಣು ಕುಡಿಯಬೇಕಾದ ನೀರೆಲ್ಲ ಪಕ್ಕದ ತಗ್ಗಿನ ಕೇರಿಗೆ ಹರಿಯದೆ ಇನ್ನೆಲ್ಲಿಗೆ ಹೋದೀತು? ಇನ್ನು ಗೋವಂಡಿ, ಮಾನಖುರ್ದಗಳ ಪುನರ್ವಸತಿ ಕಟ್ಟಡಗಳಲ್ಲಿ, ಒಂದಕ್ಕೂ ಇನ್ನೊಂದಕ್ಕೂ ನಡುವೆ ಮೂರೇ ಮೀಟರು ಬಿಟ್ಟು ಕಟ್ಟಿದ ಸಾಲುಗಳಲ್ಲಿ, ಕೆಳಗಿನ ಮಹಡಿಗಳಿಗೆ ಬಿಸಿಲೂ ಗಾಳಿಯೂ ಹೋಗದೆ ಅಲ್ಲಿನವರಿಗೆ ಕ್ಷಯ ಹೆಚ್ಚಾಗಿ ತಗಲಿದುದನ್ನು ವೈದ್ಯರೂ ಎಂಜಿನಿಯರರೂ ಸೇರಿ ನಡೆಸಿದ ಅಧ್ಯಯನ ತೋರಿಸಿತು. ಆ ಕಟ್ಟಡಗಳು ಗಗನಚುಂಬಿಗಳೇನೂ ಅಲ್ಲ, ಏಳೆಂಟು ಮಹಡಿಯವು. ಎಡೆಯ ನಿಯಮವನ್ನು ಬಡವರಿಗಾಗಿ ಸಡಲಿಸಿದ ದಯೆ ಅವರ ಶ್ವಾಸಕೋಶಕ್ಕೇ ಮುಳುವಾಯಿತು.

2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ನಿಯಮಾವಳಿ ಎಫ್.ಎಸ್.ಐ.ಯನ್ನು ಬೀದಿಯ ಅಗಲಕ್ಕೆ ಜೋಡಿಸಿರುವುದು ಬಹುಶಃ ಈ ಅರ್ಧಶತಮಾನದ ಅತ್ಯಂತ ಬುದ್ಧಿವಂತಿಕೆಯ ಹೆಜ್ಜೆ: ಕಿರಿದಾದ ಬೀದಿಗೆ ಮೂಲದ ಅಂಕಿ, ಅಗಲವಾದ ಬೀದಿಗೆ ದ್ವೀಪನಗರದಲ್ಲಿ 3ರವರೆಗೂ. ಆದರೆ ವಿನಾಯಿತಿಯ ಯೋಜನೆಗಳು ಅದರ ಪಕ್ಕದಲ್ಲಿಯೇ ಮುಂದುವರಿದಿವೆ. ಗೋಪುರಗಳಲ್ಲಿ ಬಹುಪಾಲು ಬರುತ್ತಿರುವುದು ಆ ದಾರಿಯಿಂದಲೇ.

ಮುಂಬಯಿಯಲ್ಲಿ ಮನೆ ಕೊಳ್ಳಬಯಸುವ ನಮ್ಮವರಿಗೆ ಒಂದೆರಡು ಮಾತು ಹೇಳಿ ನಿಲ್ಲಿಸುತ್ತೇನೆ. ವರಳಿಯ ಕ್ಯಾಂಪಾ ಕೋಲಾ ಕಾಂಪೌಂಡಿನಲ್ಲಿ 1980ರ ದಶಕದಲ್ಲಿ ಐದು ಮಹಡಿಗಳ ಅನುಮತಿ ಪಡೆದು ಒಂದನ್ನು 17ಕ್ಕೂ ಇನ್ನೊಂದನ್ನು 20ಕ್ಕೂ ಏರಿಸಿದ್ದರು. ಕಾಲು ಶತಮಾನ ಅಲ್ಲಿ ಸಂಸಾರ ಮಾಡಿದವರ ಮೇಲಿನ ಮಹಡಿಗಳು ಅಕ್ರಮವೆಂದು 2013ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು, ಮರುವರ್ಷ ಅವರ ನೀರು, ಗ್ಯಾಸು, ವಿದ್ಯುತ್ತುಗಳನ್ನು ಕಡಿದರು. ಆದುದರಿಂದ ಮಾದರಿ ಫ್ಲಾಟಿನ ಬಾಲ್ಕನಿಯಲ್ಲಿ ನಿಂತು ಕಡಲು ನೋಡುವ ಮೊದಲು ಓ.ಸಿ.ಯನ್ನು, ಎಂದರೆ ಕಟ್ಟಡ ವಾಸಕ್ಕೆ ಸಿದ್ಧವೆಂದು ಪಾಲಿಕೆ ಕೊಡುವ ಕಾಗದವನ್ನು, ಕೇಳಿ, ಮಂಜೂರಾದ ನಕ್ಷೆಯಲ್ಲಿ ನಿಮ್ಮ ಮಹಡಿ ಇದೆಯೇ ಎಂದು ಎಣಿಸಿ ನೋಡಿ. ಆಮೇಲೆ, ಬಿಲ್ಡರನ ಕಾರಿನಲ್ಲಿ ಅಲ್ಲ, ನಿಮ್ಮದೇ ಕೊಡೆ ಹಿಡಿದುಕೊಂಡು, ಜುಲೈ ತಿಂಗಳ ಒಂದು ದಿನ ದೊಡ್ಡ ಉಬ್ಬರದ ಹೊತ್ತನ್ನು ಪತ್ರಿಕೆಯಲ್ಲಿ ನೋಡಿ ಗುರುತಿಟ್ಟುಕೊಂಡು ಹೋಗಿ, ಆ ಗೋಪುರದ ಗೇಟಿನ ಮುಂದೆ ಅರ್ಧ ಗಂಟೆ ನಿಂತು ಬನ್ನಿ.